ಕೂದಲೆಳೆಯಷ್ಟು ಸಡಿಲ

ಹೊನ್ನಾಳಿಯಲ್ಲಿ ಚನ್ನಗಿರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೂ ತಿಪ್ಪೇರುದ್ರನಿಗೆ ತನ್ನ ಮೈಯೆಲ್ಲ ನೇಲ್ ಪಾಲಿಶ್ ವಾಸನೆ ಹೊಡೆಯುತ್ತಿದೆ ಅನ್ನಿಸುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ಒಂದು ಸಲ ಮೂಗು ಏರಿಸಿ, ಅವನ ಗ್ರೀಸು ಮೆತ್ತಿದ ಉಗುರುಗಳನ್ನು ನೋಡಿ, ಈ ವಾಸನೆ ಇವನದಲ್ಲ ಎಂದುಕೊಂಡವಳಂತೆ ಮುಂದಕ್ಕೆ ತಿರುಗಿದಳು. ತೊಡೆಯ ಮೇಲೆ ಎರಡು ಚೀಲ. ಎಡಗಡೆಯದರಲ್ಲಿ ಎರಕದ ಪಿಸ್ಟನ್ನುಗಳು ಮೂರು, ಬಲಗಡೆಯದರಲ್ಲಿ ಬಡಿದು ಮಾಡಿದ, ಎಲ್ಲರೂ ಫೋರ್ಜ್ ಅಂತ ಕರೆಯುವ ಪಿಸ್ಟನ್ನುಗಳು ಮೂರು. ವಾಸನೆ ಬರುತ್ತಿದ್ದದ್ದು ಬಲಗಡೆಯಿಂದ. ಯಾವುದನ್ನು ಹಾಕಬೇಕು ಎಂದು ತೀರ್ಮಾನ ಮಾಡಿಯಾಗಿದೆ ಎಂದು ಬೆಳಿಗ್ಗೆ ನ್ಯಾಮತಿಯಲ್ಲಿ ಹೆಂಡತಿಗೆ ಗಟ್ಟಿಯಾಗಿ ಹೇಳಿ ಹೊರಟಿದ್ದವನು, ತೀರ್ಮಾನ ಮಾಡಿದ ಮೇಲೆ ಎರಡನೇ ಚೀಲ ಯಾಕೆ ಎಂದು ಅವಳು ಕೇಳುವ ಮೊದಲೇ ಮೂಲೆ ತಿರುಗಿಬಿಟ್ಟಿದ್ದ. ಅವನ ಟ್ರ್ಯಾಕ್ಟರಿನ ಬ್ಲಾಕು ಚನ್ನಗಿರಿಯ ಬುಡನ್‌ಸಾಬರ ಬೋರಿಂಗ್ ಶಾಪಿನಲ್ಲಿ ಬಾಯಿ ತೆರೆದುಕೊಂಡು ಕೂತು ಎಷ್ಟೋ ದಿನವಾಗಿತ್ತು. ಪಿಸ್ಟನ್ ಕೈಗೆ ಬಾರದೆ ಬುಡನ್‌ಸಾಬ್ ಬೋರ್, ಅಂದರೆ ಅದು ಓಡಾಡುವ ತೂತು, ಕೊರೆಯುವವರಲ್ಲ. ಯಾವ ಒಳ್ಳೆ ಬೋರಿಂಗಿನವನೂ ಕೊರೆಯುವುದಿಲ್ಲ, ಕಾಲು ನೋಡದೆ ಯಾರಾದರೂ ಚಪ್ಪಲಿ ಹೊಲಿಯುತ್ತಾರೆಯೇ.

ಈ ತಿಪ್ಪೇರುದ್ರ ಎಂಬ ಮನುಷ್ಯನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ. ಬೇರೆಯವರಿಗೆ ಈಜು ಬರುವುದಿಲ್ಲ, ಸೈಕಲ್ ಬರುವುದಿಲ್ಲ, ಹಾಗೆ ಇವನಿಗೆ ಇದು. ನ್ಯಾಮತಿಯ ಎರಡು ವರ್ತಕರ ಸಂಘಗಳು ಪರಸ್ಪರ ಮುಖ ನೋಡುವುದಿಲ್ಲ, ಎರಡರಲ್ಲೂ ಅವನು ಸದಸ್ಯ. ಮದುವೆ ಮನೆಯಲ್ಲಿ ಬಡಿಸುವವನು ಇನ್ನೊಂದು ಎಂದರೆ ಹೂಂ, ಆಮೇಲೆ ಹೊಟ್ಟೆ ಹಿಡಿದುಕೊಂಡು ಮನೆಗೆ. ನೇತ್ರಾವತಿಯನ್ನು ನೋಡಲು ಹೋದಾಗ ಒಪ್ಪಿಗೆಯೇ ಎಂದು ಕೇಳಿದವರು ಅವಳ ಕಡೆಯ ಹಿರಿಯರು, ಇವನು ಇನ್ನೂ ಹುಡುಗಿಯ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ಹೂಂ ಅಂದುಬಿಟ್ಟ. ಅದೊಂದು ಹೂಂ ಮಾತ್ರ ಒಳ್ಳೆಯದಾಯಿತು. ಉಳಿದವುಗಳ ವಿಷಯ ಹೇಳಬಾರದು. ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಕೂತರೆ ಅವನ ಕೈಗೆ ಎಲ್ಲ ಗೊತ್ತು, ಯಾವ ನಟ್ಟು ಎಷ್ಟು ಬಿಗಿ, ಯಾವ ಶಬ್ದ ಎಲ್ಲಿಯದು ಎಂದು. ಆದರೆ ತಲೆ ಎತ್ತಿ ಎದುರಿಗೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂದು ಕಂಡ ಕೂಡಲೆ ಆ ಗೊತ್ತಿದ್ದದ್ದೆಲ್ಲ ಎಲ್ಲೋ ಇಳಿದುಹೋಗುತ್ತಿತ್ತು, ಮತ್ತು ಬಾಯಿ ತನ್ನಷ್ಟಕ್ಕೆ ತಾನು ಹೂಂ ಅನ್ನುತ್ತಿತ್ತು.

ಹೋದ ವರ್ಷ ಜಗಳೂರಿನಲ್ಲಿ ಆದದ್ದೂ ಅದೇ. ಮೆಕ್ಕೆಜೋಳ ಮುರಿದ ಹೊಲದಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆ, ಮರಳು ಚೀಲ ತುಂಬಿದ ಟ್ರಾಲಿಯನ್ನು ಯಾರು ದೂರ ಎಳೆಯುತ್ತಾರೋ ಅವರು ಗೆದ್ದಂತೆ. ಜಗಳೂರು ಅವನ ಹೆಂಡತಿಯ ತವರು. ಮೈಕು ಹಿಡಿದವನು ಅವಳ ತಮ್ಮ ಷಣ್ಮುಖಪ್ಪ. ತಿಪ್ಪೇರುದ್ರ ತನ್ನ ಹಳೆಯ ಟ್ರ್ಯಾಕ್ಟರಿಗೆ ಟರ್ಬೊ ಕೂರಿಸಿಕೊಂಡು ಹೋಗಿದ್ದ. ಗಾಳಿಯನ್ನು ಒತ್ತಿ ಒತ್ತಿ ಇಂಜಿನ್ನಿನ ಹೊಟ್ಟೆಗೆ ತುಂಬುವ ಆ ಬಸವನಹುಳುವಿನ ಆಕಾರದ ಸಾಮಾನು ನೋಡಲೆಂದೇ ಜನ ಸುತ್ತ ನಿಂತಿದ್ದರು. "ಭಾವಾ, ಇನ್ನರ್ಧ ಸುತ್ತು ಡೀಸೆಲ್ ಬಿಡ್ರಿ, ಹಾರಿ ಹೋಗ್ತತೆ!" ಎಂದು ಷಣ್ಮುಖಪ್ಪ ಮೈಕಿನಲ್ಲೇ ಕೂಗಿದ. ಪಂಪಿನ ಸ್ಕ್ರೂ ಇನ್ನರ್ಧ ಸುತ್ತು ತಿರುಗಿಸಿದರೆ ಒಳಗಿನ ಸಾದಾ ಪಿಸ್ಟನ್ ಆ ಬೆಂಕಿ ತಡೆಯುವುದಿಲ್ಲ ಎಂದು ಅವನ ಕೈಗೆ ಗೊತ್ತಿತ್ತು. ಬಾಯಿ ಹೂಂ ಅಂದಿತು. ತಿರುಗಿಸಿದ. ಟರ್ಬೊ ಸಿಳ್ಳೆ ಹಾಕಿತು, ಕಪ್ಪು ಹೊಗೆ ಎದ್ದಿತು, ಜನವೂ ಸಿಳ್ಳೆ ಹಾಕಿದರು, ಮತ್ತೆ ಒಳಗಿನಿಂದ ಪುಸ್ ಎಂದು ಒಂದು ಶಬ್ದ ಬಂತು. ಷಣ್ಮುಖಪ್ಪ ಇಂಜಿನ್ನಿನ ಹತ್ತಿರವೇ ಮೈಕು ಹಿಡಿದಿದ್ದರಿಂದ ಆ ಪುಸ್ಸು ಇಡೀ ಜಗಳೂರಿಗೆ ಕೇಳಿಸಿತು. ನಡು ತಲೆಗೆ ತೂತು ಬಿದ್ದ ಆ ಪಿಸ್ಟನ್ ಈಗ ಷಣ್ಮುಖಪ್ಪನ ಮನೆಯ ಷೋಕೇಸಿನಲ್ಲಿ ಪೆನ್ನಿನ ಸ್ಟ್ಯಾಂಡಾಗಿದೆ. ಬಂದವರಿಗೆಲ್ಲ ಅವನು ಅದರಲ್ಲಿ ಒಂದು ಪೆನ್ನು ಇಳಿಬಿಟ್ಟು, ಅದು ತೂತಿನಲ್ಲಿ ನುಸುಳಿ ಕೆಳಗೆ ಬೀಳುವುದನ್ನು ತೋರಿಸಿ, "ನಮ್ಮ ಭಾವ್ನೋರ ಕೆಲಸ" ಅನ್ನುತ್ತಾನೆ. ಈ ವರ್ಷದ ಸ್ಪರ್ಧೆಗೂ ಹೆಸರು ಬರೆಸಿಬಿಟ್ಟೆ ಎಂದು ಅವನೇ ಫೋನು ಮಾಡಿದ್ದ. ತಿಪ್ಪೇರುದ್ರ ಏನಂದ ಎಂದು ಕೇಳುವುದೇ ಬೇಡ. ಇನ್ನೊಂದು ಪುಸ್ಸಾದರೆ ಮಾತ್ರ ಮುಂದೆ ಯಾವ ಹಬ್ಬಕ್ಕೂ ಜಗಳೂರಿನ ಬಸ್ಸಿಗೆ ಹೆಂಡತಿಯನ್ನು ಒಬ್ಬಳನ್ನೇ ಹತ್ತಿಸಬೇಕಾಗುತ್ತದೆ ಎಂದು ಅವನು ಅಂದೇ ಲೆಕ್ಕ ಹಾಕಿದ್ದ.

ಬಸ್ಸು ಒಂದು ಗುಂಡಿಗೆ ಇಳಿದು ಎದ್ದಾಗ ಎರಡೂ ಚೀಲಗಳು ಒಂದಕ್ಕೊಂದು ತಾಗಿ ಟಣ್ ಅಂದವು, ಅವನು ಮಕ್ಕಳ ಜಗಳ ಬಿಡಿಸುವವನ ಹಾಗೆ ಎರಡನ್ನೂ ದೂರ ಮಾಡಿ ಹಿಡಿದುಕೊಂಡ. ಎಷ್ಟೋ ದಿನ ಇವೆರಡೂ ಮನೆಯ ಟಿವಿ ಸ್ಟ್ಯಾಂಡಿನ ಮೇಲೆ ಅಕ್ಕಪಕ್ಕ ಕೂತಿದ್ದವು. ಎರಕದ್ದು ಮಾತು ಕಡಿಮೆಯ ಸೊಸೆ, ಬೋರಿನೊಳಗೆ ಬಿಗಿಯಾಗಿ ಹೊಂದಿಕೊಂಡು ಶಬ್ದವಿಲ್ಲದೆ ಓಡುತ್ತದೆ, ಆದರೆ ಟರ್ಬೊದ ಬೆಂಕಿ ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಕೊಯಮತ್ತೂರಿನಿಂದ ಬಂದ ಫೋರ್ಜ್‌ಗೆ ಬೆಂಕಿಯ ಹೆದರಿಕೆ ಇಲ್ಲ, ಆದರೆ ಬಿಸಿಯಾದಾಗ ಜಾಸ್ತಿ ಉಬ್ಬುತ್ತದೆ. ಉಬ್ಬುವುದಕ್ಕೆ ಜಾಗ ಬೇಕು, ಅದಕ್ಕೆ ಬೋರನ್ನು ಸಡಿಲವಾಗಿಯೇ ಕೊರೆಯಬೇಕು, ಮತ್ತು ಸಡಿಲ ಬಿಟ್ಟರೆ ಇಂಜಿನ್ ಬಿಸಿಯಾಗುವ ತನಕ ಅದು ಗೋಡೆಗೆ ಬಡಿದು ಕಟಕಟ ಅನ್ನುತ್ತದೆ. ಬೋರಿಂಗಿನವರ ಲೆಕ್ಕ ಥೌ, ಒಂದು ಇಂಚಿನ ಸಾವಿರದ ಪಾಲು. ಬುಡನ್‌ಸಾಬ್ ಎಂಥ ಟ್ರ್ಯಾಕ್ಟರಿಗೂ ಬಿಡುವ ಸಂದು ನಾಲ್ಕು ಥೌ. ಫೋರ್ಜ್ ಪಿಸ್ಟನ್ನಿನ ಜೊತೆ ಬಂದ ಚೀಟಿ ಏಳು ಬಿಡಿ ಅನ್ನುತ್ತಿತ್ತು. ನಡುವಿನ ಮೂರು ಥೌ ಎಂದರೆ ಒಂದು ತಲೆಗೂದಲಿನ ದಪ್ಪ. ಆ ಒಂದು ಕೂದಲಿನಲ್ಲಿ ತಿಪ್ಪೇರುದ್ರನ ನಿದ್ದೆ ಸಿಕ್ಕಿಹಾಕಿಕೊಂಡಿತ್ತು.

ಹೇಳಿದರೆ ಆಗುತ್ತಿತ್ತು, ಚಾಚಾ ಏಳು ಬಿಡ್ರಿ ಎಂದು. ಯಾರು ಹೇಳುತ್ತಾರೆ? ಬುಡನ್‌ಸಾಬರಿಗೆ ಅಳತೆ ಹೇಳಿಕೊಡಲು ಹೋದ ತ್ಯಾವಣಿಗೆಯವನೊಬ್ಬನ ಬ್ಲಾಕನ್ನು ಅವರು ಹೊರಗೆಳೆಸಿ ರಸ್ತೆಯ ಮಧ್ಯ ಇಟ್ಟು, ಬಸ್ಸಿನವರು ಹಾರ್ನು ಹೊಡೆದದ್ದನ್ನು ಚನ್ನಗಿರಿಯೇ ನೋಡಿದೆ. ಅದಕ್ಕಿಂತ ಹೆಚ್ಚಾಗಿ, ತಿಪ್ಪೇರುದ್ರ ಮೀಸೆ ಬಾರದ ವಯಸ್ಸಿನಲ್ಲಿ ಅವರ ಶಾಪಿನಲ್ಲಿ ಕೆಲಸ ಕಲಿತವನು. ಅವರು ಒಂದು ದಿನವೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಕೆಲಸ ಕೆಟ್ಟರೆ ಮಾತಾಡದೆ ಒಳಗೆ ಹೋಗಿ ಕೂತುಬಿಡುತ್ತಿದ್ದರು. ಆ ಮುಚ್ಚಿದ ಬಾಗಿಲಿನ ಮುಂದೆ ನಿಂತುಕೊಂಡ ನೆನಪು ಅವನಿಗೆ ಹೊಡೆತಕ್ಕಿಂತ ಹೆಚ್ಚು ಉಳಿದಿತ್ತು. ಹಾಗಾಗಿ ಅವನಿಗೆ ಒಂದು ಉಪಾಯ ಹೊಳೆದಿತ್ತು, ಹೊಳೆದಾಗ ಬುದ್ಧಿವಂತಿಕೆ ಎಂದೂ ಅನ್ನಿಸಿತ್ತು. ಬುಡನ್‌ಸಾಬ್ ಪಿಸ್ಟನ್ ಅಳೆದು ಅದಕ್ಕೆ ನಾಲ್ಕು ಸೇರಿಸುತ್ತಾರೆ. ಪಿಸ್ಟನ್ನನ್ನೇ ಮೂರು ಥೌ ದಪ್ಪ ಮಾಡಿದರೆ? ಕೊರೆದಾದ ಮೇಲೆ ಬಳಿದದ್ದನ್ನು ಒರೆಸಿಬಿಟ್ಟರೆ ಏಳು.

"ನೇತ್ರಾ, ಬಣ್ಣ ಇಲ್ಲದ ನೇಲ್ ಪಾಲಿಶ್ ಐತೇನೇ?" ಎಂದು ಕೇಳಿದ್ದ ಬೆಳಿಗ್ಗೆ.

"ಯಾತಕ್ರೀ?"

"ಪಿಸ್ಟನ್‌ಗೆ."

ನೇತ್ರಾವತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನ ಮುಖವನ್ನೇ ನೋಡಿದಳು. ಪೂರ್ತಿ ಕಥೆ ಕೇಳಿದ ಮೇಲೆ, "ಚಾಚಾನ ಮುಂದೆ ಏಳು ಅನ್ನಾಕೆ ನಿಮಗೆ ಬಾಯಿಲ್ಲೇನು?" ಅಂದಳು.

"ಐತೆ. ಅವರ ಮುಂದೆ ತೆರೆಯಲ್ಲ."

"ಬಣ್ಣ ಇಲ್ಲದ್ದು ಅಂದ್ರೆ ಮಿಂಚಿಂದು ಒಂದೇ ಐತೆ. ಕೆಂಪು ಬೇಕಾದ್ರೆ ಐತೆ, ಅದ್ರಾಗೆ ಚೆಂದ ಕಾಣ್ತಾವೆ." ನಗು ತಡೆಯಲಾರದೆ ಅವಳು ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಸೀಸೆ ತಂದುಕೊಟ್ಟಳು. ಪಡಸಾಲೆಯಲ್ಲಿ ಮೊಣಕಾಲ ನಡುವೆ ಪಿಸ್ಟನ್ ಇಟ್ಟುಕೊಂಡು, ನಾಲಿಗೆ ಹೊರಗೆ ಹಾಕಿ, ಆ ಪುಟ್ಟ ಬ್ರಷ್ಷಿನಲ್ಲಿ ಬಳಿದು, ಊದಿ ಒಣಗಿಸಿ, ಮೈಕ್ರೋಮೀಟರಿನಲ್ಲಿ ಅಳೆದು, ಮತ್ತೆ ಬಳಿಯುತ್ತಿದ್ದವನನ್ನು ಹಾಲಿನವನು ಬಾಗಿಲಲ್ಲೇ ನಿಂತು ನೋಡಿ, ಏನೂ ಕೇಳದೆ ಹೋದ. ಕೇಳಿದ್ದರೆ ಒಳ್ಳೆಯದಿತ್ತು. ಕೇಳದೆ ಹೋದವರು ಊರಿಗೆ ಏನು ಹೇಳುತ್ತಾರೆ ಎಂದು ಯಾರಿಗೆ ಗೊತ್ತು.

"ಬಂದ್ಯೇನಪ್ಪಾ ರುದ್ರಾ!" ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬುಡನ್‌ಸಾಬ್ ಕನ್ನಡಕವನ್ನು ಹಣೆಗೇರಿಸಿ ನಕ್ಕರು. "ನಿನ್ನ ಬ್ಲಾಕು ಇಲ್ಲಿ ಕೂತು ಕೂತು ನಮ್ಮನೆ ಕೋಳಿ ಅದರಾಗೆ ಮೊಟ್ಟೆ ಇಟ್ಟೈತೆ." ಶಾಪಿನ ಹಿಂದೆಯೇ ಮನೆ, ಕೋಳಿ ನಿಜವಾಗಿಯೂ ಅಲ್ಲೇ ಓಡಾಡುತ್ತಿತ್ತು. ಅವರು ಎರಡೂ ಚೀಲ ಬಿಚ್ಚಿಸಿದರು. ಎರಕದ್ದನ್ನು ಅಂಗೈಯಲ್ಲಿ ತೂಗಿ, "ಇದು ಪಿಸ್ಟನ್ನು" ಅಂದರು. ಫೋರ್ಜನ್ನು ಎತ್ತಿ, "ಇದು ಪೈಲ್ವಾನ. ಪೈಲ್ವಾನನ್ನ ಸಣ್ಣ ಮನೆಯಾಗೆ ಇಟ್ಕಂಡ್ರೆ ಗೋಡೆಗೆಲ್ಲ ಬಡೀತಾನೆ ಬೇಟಾ."

"ಪೈಲ್ವಾನನೇ ಇರ್ಲಿ ಚಾಚಾ" ಅಂದ ತಿಪ್ಪೇರುದ್ರ. ಅಂದವನಿಗೇ ಆಶ್ಚರ್ಯ. ಮೋಸವೊಂದು ಬೆನ್ನಿಗಿದ್ದರೆ ಮನುಷ್ಯನಿಗೆ ಇಷ್ಟು ಧೈರ್ಯ ಬರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ.

"ಆತು. ನಾಲ್ಕು ಬಿಡ್ತೀನಿ."

"ಹೂಂ ಚಾಚಾ."

ಬುಡನ್‌ಸಾಬ್ ಮೈಕ್ರೋಮೀಟರನ್ನು ಪಿಸ್ಟನ್ನಿನ ಸೊಂಟಕ್ಕೆ ಹಿಡಿದು ತಿರುಗಿಸಿದರು, ಓದಿದರು, ಪಿಸ್ಟನ್ ಹೊರಳಿಸಿ ತಲೆಯ ಮೇಲೆ ನೋಡಿದರು, ಮತ್ತೆ ಅಳೆದರು. ಆಗ ತಿಪ್ಪೇರುದ್ರನಿಗೆ ನೆನಪಾಯಿತು. ಎಲ್ಲ ಪಿಸ್ಟನ್ನಿನ ತಲೆಯ ಮೇಲೂ ಕಂಪನಿಯವರು ಅದರ ಅಳತೆಯನ್ನು ಕೊರೆದಿರುತ್ತಾರೆ. ಸಾವಿರ ಪಿಸ್ಟನ್ನಿನ ಮೇಲೆ ಕೈಯಾಡಿಸಿದವನು ಅದೊಂದನ್ನು ಮರೆತಿದ್ದ.

"ತಲೆ ಮ್ಯಾಲೆ ಒಂದು ಬರೆದೈತೆ, ಮೈ ಮ್ಯಾಲೆ ಒಂದೈತೆ" ಅಂದರು ಬುಡನ್‌ಸಾಬ್. "ಮತ್ತೆ ಇದೇನು, ಮಿಂಚು?"

"ಕಂಪನಿ ಕೋಟಿಂಗು ಚಾಚಾ. ಹೊಸದು."

"ಕಂಪನಿಯೋರು ಒಳಗೆ ಹೋಗೋ ಸಾಮಾನಿಗೆ ಮಿಂಚು ಯಾಕ್ ಹಾಕ್ತಾರೆ? ಯಾರು ನೋಡಾಕೆ?"

ಅಷ್ಟರಲ್ಲಿ ಅವರ ಹೆಂಡತಿ ಸೈದಾಬೀ ಚಾ ತಂದರು. ಬಾಗಿಲಲ್ಲೇ ನಿಂತು ಗಾಳಿ ಮೂಸಿ, "ಯಾರದಪ್ಪಾ ಮದ್ವಿ?" ಅಂದರು. ತಟ್ಟೆ ಕೆಳಗಿಟ್ಟು ಪಿಸ್ಟನ್ನನ್ನು ಉಗುರಿನಿಂದ ಕೆರೆದರು. "ಅಯ್ಯ, ಇದು ನೇಲ್ ಪಾಲಿಶ್ ಅಲ್ಲೇನ್ರೀ! ನಮ್ಮ ಹುಡ್ಗಿ ರುಕ್ಸಾನಾ ಹಚ್ಕಂತಾಳಲ್ಲ, ಅದೇ."

ಬುಡನ್‌ಸಾಬ್ ಚಾವನ್ನು ಬಸಿಗೆ ಹುಯ್ದುಕೊಂಡು ಪೂರ್ತಿ ಕುಡಿದರು. ತಿಪ್ಪೇರುದ್ರ ತನ್ನ ಲೋಟವನ್ನು ಮುಟ್ಟದೆ, ಭೂಮಿ ಬಾಯಿ ಬಿಡುತ್ತದೆಯೇನೋ ಎಂದು ನೆಲ ನೋಡಿದ, ನೆಲದಲ್ಲಿ ಕಬ್ಬಿಣದ ಪುಡಿ, ಕೋಳಿಯ ಹೆಜ್ಜೆ. ಹಳೆಯ ಮಾಲೀಕರ ಮುಂದೆ ಹೆಂಡತಿಯ ಸಿಂಗಾರದ ಸೀಸೆಯ ಸಮೇತ ಸಿಕ್ಕಿಬೀಳುವುದಕ್ಕಿಂತ ಜಗಳೂರಿನ ಪುಸ್ಸೇ ಮೇಲಾಗಿತ್ತು ಎಂದುಕೊಂಡ. ಬುಡನ್‌ಸಾಬ್ ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ ಮೂರೂ ಪಿಸ್ಟನ್ನನ್ನು ನಿಧಾನ ಒರೆಸಿದರು, ಜ್ವರ ಬಂದ ಮಕ್ಕಳ ಮೈ ಒರೆಸಿದ ಹಾಗೆ. ಮತ್ತೆ ಅಳೆದರು.

"ಬಣ್ಣ ಮೂರು. ನಂದು ನಾಲ್ಕು. ಏಳು ಬೇಕಿತ್ತು ನಿಂಗೆ" ಅಂದರು. ಸಿಟ್ಟಿರಲಿಲ್ಲ, ಅದೇ ಕಷ್ಟ. "ನನ್ನ ಮುಂದೆ ಬಾಯಿ ಬಿಡಾಕೆ ಆಗ್ಲಿಲ್ಲ ಅಂತ ಪಿಸ್ಟನ್‌ಗೆ ಸಿಂಗಾರ ಮಾಡಿ ಕರ್ಕಂಡ್ ಬಂದ್ಯೇನಲೇ? ಈಗ ಹೇಳು. ಬಾಯ್ಬಿಟ್ಟು ಹೇಳು. ಎಷ್ಟು ಬಿಡ್ಲಿ?"

ಇಡೀ ಜನ್ಮಕ್ಕೆ ಒಂದು ಸಲ ಬಾಗಿಲು ತೆರೆದು ಒಳಗೆ ಬಾ ಅಂದ ಹಾಗಿತ್ತು. ತಿಪ್ಪೇರುದ್ರ ತಲೆ ಎತ್ತಿದ, ಎದುರಿಗೆ ಮನುಷ್ಯ ನಿಂತಿದ್ದರು, ಬಾಯಿ ತೆರೆಯಿತು. "ನಿಮ್ಮ ಇಷ್ಟ ಚಾಚಾ" ಅಂದಿತು.

ಸೈದಾಬೀ ಹಣೆ ಚಚ್ಚಿಕೊಂಡು ಒಳಗೆ ಹೋದರು.

"ಹಂಗಾರೆ ಹಿಂಗೆ ಮಾಡಾಣ" ಅಂದರು ಬುಡನ್‌ಸಾಬ್, ಸ್ವಲ್ಪ ಮೆತ್ತಗಾಗಿ. "ಈಗ ನಾಲ್ಕು ಬಿಡ್ತೀನಿ. ಓಡಿಸಿ ನೋಡು. ಸಾಲ್ಲಿಲ್ಲ ಅಂದ್ರೆ ಆಮ್ಯಾಲೆ ಬಾ, ಸಡಿಲ ಮಾಡಿ ಕೊಡ್ತೀನಿ. ಬಿಗಿ ಇದ್ದಿದ್ದನ್ನ ಸಡಿಲ ಮಾಡಬೋದು, ಸಡಿಲ ಆದದ್ದನ್ನ ಬಿಗಿ ಮಾಡಾಕೆ ಆಗಲ್ಲ. ಹೌದಲ್ಲೋ?" ಹೌದು. ಎಷ್ಟು ನ್ಯಾಯವಾದ ಮಾತು, ಎಂಥ ಹಿತವಾದ ಮಾತು, ಯಾರ ಮನಸ್ಸೂ ನೋಯುವುದಿಲ್ಲ, ಯಾರ ಬಾಗಿಲೂ ಮುಚ್ಚುವುದಿಲ್ಲ. ತಿಪ್ಪೇರುದ್ರನ ತಲೆ ತಾನಾಗಿ ಆಡಿತು. ಬುಡನ್‌ಸಾಬ್ ಕೊರೆಯುವ ಮಷೀನನ್ನು ಬ್ಲಾಕಿನ ಮೇಲೆ ಕೂರಿಸಿ, ಕಟ್ಟರಿನ ಮೊನೆಯನ್ನು ಹೊಂದಿಸಿ, ಸ್ವಿಚ್ಚು ಒತ್ತಿದರು. ಮಷೀನು ಗುಂಯ್ ಎಂದು ತಿರುಗಿ ಇಳಿಯತೊಡಗಿತು. ಆಮ್ಯಾಲೆ, ಆಮ್ಯಾಲೆ ಎಂದು ಅದೇ ಗುಂಯ್‌ಗುಡುತ್ತಿರುವ ಹಾಗೆ ಅವನಿಗೆ ಕೇಳಿಸಿತು. ಆಮ್ಯಾಲೆ ಅಂದರೆ ಯಾವಾಗ? ಜಗಳೂರಿನ ಹೊಲದಲ್ಲಿ, ಟ್ರಾಲಿ ಅರ್ಧ ದಾರಿಯಲ್ಲಿ, ಬಿಸಿಗೆ ಉಬ್ಬಿದ ಪೈಲ್ವಾನ ಗೋಡೆಗೆ ಕಚ್ಚಿಕೊಂಡು ಇಂಜಿನ್ ಕಲ್ಲಾದ ಮೇಲೆ. ಷಣ್ಮುಖಪ್ಪ ಮೈಕು ಹತ್ತಿರ ತಂದ ಮೇಲೆ. ಈ ಮುದುಕರಾದರೂ ಅದನ್ನು ತಡೆದುಕೊಳ್ಳುತ್ತಾರೆಯೇ, ಬುಡನ್‌ಸಾಬರ ಬೋರು ಕಚ್ಚಿತು ಎಂದು ನಾಲ್ಕು ತಾಲೂಕಿನವರು ಆಡಿಕೊಂಡರೆ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೆ ಹೊರಗೇ ಬರುವುದಿಲ್ಲ. ಇಷ್ಟು ದಿನ ತಾನು ಯಾರ ಮನಸ್ಸು ನೋಯಿಸಬಾರದೆಂದು ಹೂಂ ಅಂದೆನೋ ಅವರನ್ನೇ ಹಾಳು ಮಾಡುತ್ತಿದ್ದೇನೆ ಎಂದು ಹೊಳೆದಾಗ ಅವನಿಗೆ ಭಯವಾಯಿತು, ಹಿಂದೆ ಎಂದೂ ಆಗದಷ್ಟು. ಕೈ ಹೋಗಿ ಸ್ವಿಚ್ಚು ಆರಿಸಿತ್ತು.

"ಇಲ್ಲ ಚಾಚಾ."

ಮಷೀನಿನ ಸದ್ದು ಅಡಗಿದ್ದರಿಂದ ಆ ಇಲ್ಲ ಅವನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು. ಕೋಳಿ ಕೂಡ ಕತ್ತು ಎತ್ತಿ ನೋಡಿತು.

"ಏನಂದೆ?"

"ಏಳು ಬಿಡ್ರಿ. ಆಗಲ್ಲ ಅಂದ್ರೆ ಬ್ಲಾಕನ್ನ ಆಟೋಕ್ಕೆ ಏರಿಸ್ಕಂಡ್ ಹೋಗ್ತೀನಿ."

"ಯಾರು ಕಲಿಸಿದ್ರು ನಿಂಗೆ ಹಿಂಗೆ ಮಾತಾಡಾಕೆ?"

"ಯಾರೂ ಇಲ್ಲ ಚಾಚಾ. ಕಾಲು ನಡುಗ್ತಾ ಐತೆ ನೋಡ್ರಿ. ಆದ್ರೂ ಏಳು."

ಬುಡನ್‌ಸಾಬ್ ಅವನ ಕಾಲನ್ನು ನಿಜವಾಗಿಯೂ ನೋಡಿದರು. ಆಮೇಲೆ ಕಟ್ಟರ್ ಬಿಚ್ಚಿ, ಮೊನೆಯನ್ನು ಒಂದು ಕೂದಲಷ್ಟು ಹೊರಗೆ ತಂದು, ಕೊರೆದರು. ಮೂರೂ ಬೋರು ಮುಗಿದು ಉಜ್ಜಿ ತೊಳೆದ ಮೇಲೆ ಅವರದೊಂದು ಪದ್ಧತಿ ಉಂಟು, ರಿಂಗು ಹಾಕದ ಪಿಸ್ಟನ್ನಿಗೆ ಎಣ್ಣೆ ಸವರಿ ಬೋರಿನ ಬಾಯಲ್ಲಿ ಬಿಟ್ಟು, ಅದು ಕೆರೆಗಿಳಿಯುವ ಎಮ್ಮೆಯ ಹಾಗೆ ಗಂಭೀರವಾಗಿ ಇಳಿಯುವುದನ್ನು ಗಿರಾಕಿಗೆ ತೋರಿಸುವುದು. ಅಭ್ಯಾಸಬಲದಿಂದ ಬಿಟ್ಟರು. ಪಿಸ್ಟನ್ ಸರಕ್ಕನೆ ಜಾರಿ ಕೆಳಗೆ ಹಿಡಿದಿದ್ದ ಅವರ ಅಂಗೈಗೆ ಟಪ್ಪನೆ ಬಿತ್ತು. ಅವರು ಅದನ್ನು ಬೆಂಚಿನ ಮೇಲಿಟ್ಟು, ಕೈ ತೊಳೆಯಲು ಒಳಗೆ ಹೋದರು. ಹೊರಗೆ ಬರಲಿಲ್ಲ. "ಹೋಗಿ ಬಾರಪ್ಪಾ" ಎಂದು ಸೈದಾಬೀಯೇ ಬಂದು ಹೇಳಿದರು. ಗೆದ್ದವರಿಗೆ ಹೇಗಿರುತ್ತದೆ ಎಂದು ತಿಪ್ಪೇರುದ್ರ ಕೇಳಿ ತಿಳಿದಿದ್ದ, ಆಟೋದಲ್ಲಿ ಬ್ಲಾಕಿನ ಪಕ್ಕ ಕೂತು ಬರುವಾಗ ಅವನಿಗೆ ಹಾಗೇನೂ ಆಗಲಿಲ್ಲ, ಅಪ್ಪನ ಮೇಲೆ ಕೈ ಮಾಡಿದವನ ಹಾಗೆ ಹೊನ್ನಾಳಿ ದಾಟುವವರೆಗೂ ಅತ್ತ. ಆಟೋದವನು ಕನ್ನಡಿಯಲ್ಲಿ ನೋಡಿ, "ಇಂಜಿನ್ ಪೂರ್ತಿ ಹೋತೇನಣ್ಣಾ?" ಎಂದು ಕೇಳಿದ.

ಇಂಜಿನ್ ಕೂಡಿಸಿ ಸ್ಟಾರ್ಟ್ ಮಾಡುವ ದಿನ ಬೆಳಿಗ್ಗೆ, ಯಾರೂ ಕರೆಯದೆ, ಬಿಳಿ ಜುಬ್ಬಾ ಹಾಕಿಕೊಂಡು, ಕಂಕುಳಲ್ಲಿ ಉದ್ದನೆಯ ಸ್ಕ್ರೂ ಡ್ರೈವರೊಂದನ್ನು ಇಟ್ಟುಕೊಂಡು ಬುಡನ್‌ಸಾಬ್ ನ್ಯಾಮತಿಯಲ್ಲಿ ಬಸ್ಸು ಇಳಿದರು. ತಿಪ್ಪೇರುದ್ರನನ್ನು ಮಾತಾಡಿಸಲಿಲ್ಲ. ಗ್ಯಾರೇಜಿನ ಮುಂದೆ ಆಗಲೇ ಜನ ಇದ್ದರು, ಎದುರಿನ ಚಾದಂಗಡಿಯ ದ್ಯಾಮಮ್ಮ, ಬಸ್ಸು ಓಡಿಸಿ ನಿವೃತ್ತನಾಗಿ ಈಗ ಊರಿನ ಎಲ್ಲ ಇಂಜಿನ್ನುಗಳಿಗೂ ತೀರ್ಪು ಕೊಡುವ ಬಸವರಾಜಪ್ಪ, ಇನ್ನೂ ಯಾರ್ಯಾರೋ. ಸೆಲ್ಫ್ ಹೊಡೆದ ಕೂಡಲೆ ಇಂಜಿನ್ ಹತ್ತಿಕೊಂಡಿತು, ಹತ್ತಿಕೊಂಡದ್ದೇ ಕಟಕಟಕಟ ಎಂದು ಹಳೆ ಹಿಟ್ಟಿನ ಗಿರಣಿಯ ಹಾಗೆ ಬಡಿದುಕೊಂಡಿತು. "ಹೋತು" ಅಂದ ಬಸವರಾಜಪ್ಪ. "ಬೇರಿಂಗ್ ಹೋತು." "ಹೊಸದಾಗೇ ಹೋತೇ?" ಎಂದು ದ್ಯಾಮಮ್ಮ ಮರುಗಿದಳು. ಆರಿಸಿಬಿಡಲೇ ಎಂದು ತಿಪ್ಪೇರುದ್ರನ ಕೈ ತುಡಿಯಿತು, ನೇತ್ರಾವತಿ ಬಾಗಿಲಲ್ಲಿ ನಿಂತು ಬೇಡ ಎಂದು ತಲೆಯಾಡಿಸಿದಳು. ಬುಡನ್‌ಸಾಬ್ ಮಾತ್ರ ಬಗ್ಗಿ, ಸ್ಕ್ರೂ ಡ್ರೈವರಿನ ತುದಿಯನ್ನು ಬ್ಲಾಕಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿದರು. ಹೊತ್ತು ಹೋಯಿತು. ಇಂಜಿನ್ ಬಿಸಿಯಾಯಿತು. ಕಟಕಟ ಕಟಕಾಯಿತು, ಕಟಕು ಎಲ್ಲೋ ಒಂದಾಯಿತು, ಆಮೇಲೆ ಅದೂ ಇಲ್ಲದೆ ಟರ್ಬೊದ ಸಣ್ಣ ಸಿಳ್ಳೆಯೊಂದೇ ಉಳಿಯಿತು. ಕಟಕಟ ಪೂರ್ತಿ ನಿಂತ ಮೇಲೂ ಬುಡನ್‌ಸಾಬ್ ಎಷ್ಟೋ ಹೊತ್ತು ಬಗ್ಗಿಯೇ ಇದ್ದರು.

ಮತ್ತೆ ನೆಟ್ಟಗಾಗಿ, ತಿಪ್ಪೇರುದ್ರನ ಕಡೆ ನೋಡದೆ, ಗಟ್ಟಿಯಾಗಿ ಹೇಳಿದರು. "ಬಸವರಾಜಪ್ನೋರೇ, ಇಂಥಾ ಪಿಸ್ಟನ್‌ಗೆ ಏಳು ಥೌ ಬಿಡಬೇಕು ಅಂತ ನಾನು ಮೊದ್ಲಿಂದ ಬಡ್ಕಂಡೆ. ಈ ಹುಡುಗ ಕೇಳ್ಲೇ ಇಲ್ಲ. ಬ್ಯಾಡ ಚಾಚಾ, ನಾಲ್ಕೇ ಸಾಕು ಅಂತ ಒಂದೇ ಹಠ. ಕೊನೀಗೆ ನಾನೇ ಸ್ವಿಚ್ ಆರಿಸಿ ಹೇಳಬೇಕಾತು."

ಎಲ್ಲರೂ ತಿಪ್ಪೇರುದ್ರನ ಕಡೆ ತಿರುಗಿದರು. ನೇತ್ರಾವತಿ ಸೊಂಟದ ಮೇಲೆ ಕೈಯಿಟ್ಟಳು, ಈಗಲಾದರೂ ಇಲ್ಲ ಅನ್ನಿ ಎನ್ನುವ ಹಾಗೆ. ಸ್ವಿಚ್ಚನ್ನೂ ಬಿಡಲಿಲ್ಲವಲ್ಲ ಈ ಮುದುಕ ಎಂದು ಅವನಿಗೆ ಒಂದು ಕ್ಷಣ ಮೈ ಉರಿಯಿತು. ಬುಡನ್‌ಸಾಬ್ ಸ್ಕ್ರೂ ಡ್ರೈವರಿನ ತುದಿಯನ್ನು ಬಿಳಿ ಜುಬ್ಬಾದ ಅಂಚಿನಿಂದ ಒರೆಸುತ್ತಿದ್ದರು, ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ. ಇಲ್ಲ ಅನ್ನುವುದು ಈಗ ಅವನಿಗೆ ಬರುತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು.

"ಹೌದ್ರೀ" ಅಂದ. "ನಾನೇ ಬ್ಯಾಡ ಅಂದಿದ್ದೆ."

"ನೀನು? ಬ್ಯಾಡ ಅಂದ್ಯಾ? ಬುಡನ್‌ಸಾಬ್ರಿಗೆ?" ಎಂದು ಬಸವರಾಜಪ್ಪ ಬಾಯಿ ಬಿಟ್ಟ.

"ಹೋಗ್ಲಿ ಬಿಡ್ರಿ, ಸಣ್ಣೋನು" ಅಂದರು ಬುಡನ್‌ಸಾಬ್, ಮತ್ತು ಆವತ್ತು ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟರು. ಸಂಜೆಯೊಳಗೆ ನ್ಯಾಮತಿಗೆಲ್ಲ ಸುದ್ದಿಯಾಯಿತು, ತಿಪ್ಪೇರುದ್ರ ಹುಟ್ಟಿದಾಗಿನಿಂದ ಒಂದೇ ಒಂದು ಸಲ ಬೇಡ ಅಂದಿದ್ದಾನಂತೆ, ಅದೂ ತಪ್ಪಾಗಿ ಎಂದು.